ಎಡೆದೊರೆ ನಾಡಿನ ಕಾದಂಬರಿಕಾರ, ಗಜಲಿನ ಕವಿ: ಶಾಂತರಸರು
(ನಮ್ಮ ಶಾಲೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಹಿರಿಯರೊಬ್ಬರ ಜೀವನವನ್ನು ಮಕ್ಕಳ ಮುಂದಿಡುವುದು ಇಂತಹ ಸಮಾರಂಭಗಳಲ್ಲಿ ನಡೆದುಬಂದ ಪದ್ಧತಿ. ಸಾಮಾನ್ಯವಾಗಿ ನಾವು ಬಹು ದೂರದವರನ್ನು ಆರಿಸಿಕೊಳ್ಳುತ್ತೇವೆ. ಬೆಂಗಳೂರು, ಮೈಸೂರು, ಧಾರವಾಡಗಳ ಮಹನೀಯರ ಹೆಸರುಗಳು ನಮ್ಮ ಮಕ್ಕಳಿಗೆ ಬಾಯಿಪಾಠವಾಗಿವೆ. ಅದು ಸಂತೋಷದ ಸಂಗತಿಯೇ ಸರಿ. ಆದರೆ ದೊಡ್ಡವರೆಲ್ಲರೂ ದೂರದಲ್ಲಿಯೇ ಹುಟ್ಟುತ್ತಾರೆ, ನಮ್ಮ ಸೀಮೆಯಲ್ಲಿ ಅಂತಹವರು ಹುಟ್ಟುವುದಿಲ್ಲ ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರಿದರೆ ಅದರಿಂದ ಒಳಿತಾಗಲಾರದು. ಆದುದರಿಂದ ಈ ಸಲ ನಾವು ನಮ್ಮ ಮಗ್ಗುಲಿನವರೇ ಆದ ಒಬ್ಬ ಲೇಖಕರ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಅವರು ಕಾದಂಬರಿಯನ್ನು ಬರೆದರು, ಕಥೆಗಳನ್ನು ಬರೆದರು, ನಾಟಕಗಳನ್ನು ಬರೆದರು. ಎಲ್ಲಕ್ಕೂ ಮಿಗಿಲಾಗಿ, ಹಾಡಲು ಬರುವಂತಹ ಒಂದು ಹೊಸ ಪದ್ಯಜಾತಿಯನ್ನು ಕನ್ನಡದಲ್ಲಿ ನೆಲೆಗೊಳಿಸಿದರು. ಅವರೇ ರಾಯಚೂರು ಸೀಮೆಯ ಶಾಂತರಸರು.

ರಾಯಚೂರು ಕರ್ನಾಟಕದ್ದು, ನಾವಿರುವುದು ತೆಲಂಗಾಣದಲ್ಲಿ. ಇವರು ನಮ್ಮವರು ಹೇಗಾದರು ಎಂದು ಮಕ್ಕಳು ಕೇಳಬಹುದು. ಈ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಡುತ್ತದೆ. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಭೂಮಿಗೆ ನಮ್ಮ ಹಿಂದಿನವರು ‘ಎಡೆದೊರೆ ನಾಡು’ ಎಂದು ಹೆಸರಿಟ್ಟಿದ್ದರು. ತೊರೆ ಎಂದರೆ ಹೊಳೆ. ಎರಡು ಹೊಳೆಗಳ ಎಡೆಯಲ್ಲಿರುವುದು ಎಡೆದೊರೆ. ತೆಲುಗಿನವರು ಇದರ ಪೂರ್ವಭಾಗವನ್ನು ‘ನಡಿಗಡ್ಡ’ ಎನ್ನುತ್ತಾರೆ. ರಾಯಚೂರು ಇರುವುದು ಈ ನಾಡಿನಲ್ಲಿ. ಗದ್ವಾಲವಿರುವುದೂ ಇದೇ ನಾಡಿನಲ್ಲಿ. 1956ರ ಅಕ್ಟೋಬರ್ ತಿಂಗಳ ಕೊನೆಯ ದಿನದವರೆಗೂ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ರಚನೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಗದ್ವಾಲ, ಆಲಂಪುರಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಮಕ್ತಲ, ನಾರಾಯಣಪೇಟೆಗಳು ಮೊದಲಿನಿಂದಲೂ ಮಹಬೂಬನಗರಕ್ಕೆ ಸೇರಿದ್ದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಹುಟ್ಟಿದವು. ಕಾಗದದ ಮೇಲಿನ ಗೆರೆಗಳು ಹೀಗೆ ಮೇಲಿಂದ ಮೇಲೆ ಬದಲಾಗಿವೆ. ಆದರೆ ನಾವು ಆಡುವ ಮಾತು, ಉಣ್ಣುವ ಜೋಳದ ರೊಟ್ಟಿ, ಕೊಟ್ಟು ತಂದ ಹೆಣ್ಣುಮಕ್ಕಳ ನಂಟು ಇವು ಆ ಗೆರೆಗಳನ್ನು ಕೇಳಿ ನಡೆದವಲ್ಲ. ಶಾಂತರಸರು ಹುಟ್ಟಿ ಬೆಳೆದ ಕಾಲದಲ್ಲಿ ಗದ್ವಾಲದವರಿಗೂ ಅವರಿಗೂ ಜಿಲ್ಲೆ ಒಂದೇ, ಕಚೇರಿ ಒಂದೇ, ಆಳುವ ಸರಕಾರ ಒಂದೇ ಆಗಿದ್ದಿತು.

ಶಾಂತರಸರು 1924ರ ಏಪ್ರಿಲ್ 7ರಂದು ರಾಯಚೂರು ತಾಲ್ಲೂಕಿನ ಹೆಂಬೆರಾಳು ಎಂಬ ಹಳ್ಳಿಯಲ್ಲಿ ಜನಿಸಿದರು. ಮನೆಯವರು ಇಟ್ಟ ಹೆಸರು ಶಾಂತಯ್ಯ. ‘ಶಾಂತರಸ’ ಎಂಬುದು ಬರವಣಿಗೆಗಾಗಿ ಅವರು ತಾಳಿದ ಹೆಸರು. ಅದೇ ಮುಂದೆ ಲೋಕಪ್ರಸಿದ್ಧವಾಯಿತು. ನಮ್ಮ ಆಲಂಕಾರಿಕರು ಹೇಳಿದ ನವರಸಗಳಲ್ಲಿ ಶಾಂತವು ಒಂಬತ್ತನೆಯದು. ರಾಯಚೂರನ್ನು ಆಳಿದ ಬಿಜಾಪುರದ ಸುಲ್ತಾನರಲ್ಲಿ ಇಮ್ಮಡಿ ಇಬ್ರಾಹಿಂ ಆದಿಲಶಹನು ಸಂಗೀತಪ್ರೇಮಿಯಾಗಿದ್ದು, ದಖ್ಖನಿ ಭಾಷೆಯಲ್ಲಿ ಹಾಡುಗಳನ್ನು ಬರೆದು ‘ಕಿತಾಬೆ ನೌರಸ್’ ಎಂಬ ಗ್ರಂಥವನ್ನು ರಚಿಸಿದನು. ನೌರಸ್ ಎಂದರೂ ನವರಸವೇ. ಸಂಸ್ಕೃತದ ರಸವಿಚಾರ ಸುಲ್ತಾನನ ಹಾಡಿನ ಪುಸ್ತಕಕ್ಕೆ ಹೆಸರಾದ ಸೀಮೆ ಇದು. ಇಂತಹ ನೆಲದಲ್ಲಿ ಹುಟ್ಟಿದ ಕವಿ ತನ್ನ ಹೆಸರಿಗೆ ಒಂದು ರಸವನ್ನೇ ಆರಿಸಿಕೊಂಡುದು ಒಪ್ಪುವ ಸಂಗತಿಯೇ ಆಗಿದೆ.

ಅವರ ಬಾಲ್ಯಕಾಲದ ವಿದ್ಯಾಭ್ಯಾಸದ ಸ್ಥಿತಿಯನ್ನು ಇಂದಿನ ಮಕ್ಕಳು ತಿಳಿದುಕೊಳ್ಳಬೇಕು. ಆಗ ಇದು ನಿಜಾಮರ ರಾಜ್ಯ. ಸರಕಾರದ ದಫ್ತರುಗಳಲ್ಲಿ ಹಿಂದೆ ಪಾರಸಿಗೆ ಇದ್ದ ಸ್ಥಾನವನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಉರ್ದು ಪಡೆದುಕೊಂಡಿತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅಲ್ಲಿ ಪಾಠಗಳೆಲ್ಲ ಉರ್ದುವಿನಲ್ಲಿಯೇ ನಡೆಯತಕ್ಕದ್ದೆಂದು ಗೊತ್ತಾಯಿತು. ಬ್ರಿಟಿಷರ ಭಾರತದಲ್ಲಿ ಉಚ್ಚ ಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ದೇಶದ ಭಾಷೆಯೊಂದರಲ್ಲಿ ವಿಜ್ಞಾನ, ಗಣಿತಗಳನ್ನು ಕಲಿಸಲು ಹೊರಟುದು ದೊಡ್ಡ ಸಾಹಸವೆಂದು ಒಪ್ಪಲೇಬೇಕು. ಆದರೆ ರಾಜ್ಯದ ಬಹುಸಂಖ್ಯೆಯ ಜನರು ಮನೆಯಲ್ಲಿ ಆಡುತ್ತಿದ್ದುದು ತೆಲುಗು, ಮರಾಠಿ, ಕನ್ನಡಗಳನ್ನು. ಕೆಳಗಿನ ತರಗತಿಗಳನ್ನು ದಾಟಿ ಮೇಲೆ ಹೋಗಬೇಕಾದ ಕನ್ನಡದ ಹುಡುಗನು ಉರ್ದುವಿನ ಬಾಗಿಲಿನಿಂದಲೇ ಒಳಗೆ ಹೋಗಬೇಕಾಗಿದ್ದಿತು. ಕನ್ನಡವನ್ನು ಓದಿದರೆ ನೌಕರಿ ಇಲ್ಲ, ಮರ್ಯಾದೆ ಇಲ್ಲ ಎಂಬ ಮಾತು ಆಗಿನ ತಂದೆತಾಯಿಗಳ ಬಾಯಲ್ಲಿಯೂ ಇದ್ದಿತು.

ಈ ಸ್ಥಿತಿಯಲ್ಲಿ ಕನ್ನಡವನ್ನು ಉಳಿಸಿದವರು ಯಾರು? ಹಳ್ಳಿಯ ಭಜನೆಯ ಗುಂಪು, ಬಯಲಾಟದ ಮೇಳ, ಬೀಸುವ ಕಲ್ಲಿನ ಮುಂದೆ ಹಾಡುವ ತಾಯಂದಿರು, ಮೊಹರಮ್ಮಿನ ದಿನಗಳಲ್ಲಿ ಕನ್ನಡದಲ್ಲಿಯೇ ರಿವಾಯತ್ ಪದಗಳನ್ನು ಹಾಡುವ ಹಿಂದೂ ಮುಸಲ್ಮಾನ ತರುಣರು. ಇವರೊಡನೆ ಊರೂರಲ್ಲಿ ಖಾಸಗಿ ಶಾಲೆಗಳನ್ನು ನಡೆಸಿದ ಸಂಘಗಳೂ ಇದ್ದವು. 1928ರಲ್ಲಿ ಕಲಬುರ್ಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿಯೂ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು. ನಿಜಾಮರ ಸೀಮೆಯಲ್ಲಿಯೂ ಕನ್ನಡವಿದೆ ಎಂಬುದು ಆಗ ಹೊರಗಿನವರಿಗೆ ಮನವರಿಕೆಯಾಯಿತು, ನಮ್ಮವರಿಗೂ ಆಯಿತು. ರಾಯಚೂರಿನ ಸಮ್ಮೇಳನ ನಡೆದಾಗ ಹೆಂಬೆರಾಳಿನ ಶಾಂತಯ್ಯನಿಗೆ ಹತ್ತು ವರ್ಷ.

ಶಾಂತರಸರು ಬೆಳೆದು ತರುಣರಾದ ಕಾಲಕ್ಕೆ ದೇಶದಲ್ಲಿ ಸ್ವಾತಂತ್ರ್ಯದ ಗಾಳಿ ಬೀಸುತ್ತಿದ್ದಿತು. 1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದರೂ ಹೈದರಾಬಾದ್ ರಾಜ್ಯ ಭಾರತದಲ್ಲಿ ಸೇರಲಿಲ್ಲ. ಹದಿಮೂರು ತಿಂಗಳ ಕಾಲ ಇಲ್ಲಿಯ ಜನರು ಅನುಭವಿಸಿದ ಭೀತಿಯನ್ನು, ಊರು ಬಿಟ್ಟು ಗಡಿ ದಾಟಿದ ಕಥೆಗಳನ್ನು ಈ ಸಭೆಯಲ್ಲಿರುವ ವೃದ್ಧರು ತಮ್ಮ ಹಿರಿಯರಿಂದ ಕೇಳಿರಬಹುದು. 1948ರ ಸೆಪ್ಟೆಂಬರ್ 17ರಂದು ಆ ಅಧ್ಯಾಯ ಮುಗಿಯಿತು. ಇಪ್ಪತ್ತನಾಲ್ಕು ವರ್ಷದ ಶಾಂತರಸರು ಆ ವಿಮೋಚನೆಯ ಹೋರಾಟದಲ್ಲಿ ಪಾಲ್ಗೊಂಡವರಾಗಿದ್ದರು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಕೊಂಚ ನಿಂತು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇವೆ. ಒಂದು ಸರಕಾರದ ವಿರುದ್ಧ ಹೋರಾಡಿದ ತರುಣನು ಆ ಸರಕಾರದ ಭಾಷೆಯನ್ನೂ ದ್ವೇಷಿಸುವುದು ಬಹು ಸುಲಭ. ಆ ಕಾಲದಲ್ಲಿ ಹಾಗೆ ದ್ವೇಷಿಸಿದವರು ಇದ್ದಿರಲೂಬಹುದು. ಅವರಿಗೆ ಕಾರಣಗಳೂ ಇದ್ದವು. ಶಾಂತರಸರು ಹಾಗೆ ಮಾಡಲಿಲ್ಲ. ಆಳ್ವಿಕೆ ಬೇರೆ, ಭಾಷೆ ಬೇರೆ ಎಂಬ ವಿವೇಕ ಅವರಿಗೆ ಇದ್ದಿತು. ಅರಮನೆಯ ಆಜ್ಞೆಗಳನ್ನು ಬರೆದ ಉರ್ದುವಿನಲ್ಲಿಯೇ ಮಿರ್ಜಾ ಗಾಲಿಬನು ಕವಿತೆ ಬರೆದನು. ಬಡವನ ನಿಟ್ಟುಸಿರೂ ಪ್ರೇಮಿಯ ಕಣ್ಣೀರೂ ಅದೇ ಭಾಷೆಯಲ್ಲಿ ಮೂಡಿದವು. ಒತ್ತಾಯದಿಂದ ಬಂದ ಭಾಷೆಯನ್ನು ಶಾಂತರಸರು ಪ್ರೀತಿಯಿಂದ ಕಲಿತರು. ಅದರ ಕಾವ್ಯವನ್ನು ಮೂಲದಲ್ಲಿಯೇ ಓದಿ ಸವಿದರು. ಸವಿದ ಬಳಿಕ ಅದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ ಕನ್ನಡದ ಮನೆಗೆ ತಂದರು. ಅವರ ಸಾಹಿತ್ಯಜೀವನದ ತಿರುಳು ಇದೇ ಎಂದು ನಾವು ಭಾವಿಸುತ್ತೇವೆ.

ಅವರು ವೃತ್ತಿಯಿಂದ ಅಧ್ಯಾಪಕರು. ರಾಯಚೂರನ್ನೇ ನೆಲೆಯಾಗಿ ಮಾಡಿಕೊಂಡು, ದೊಡ್ಡ ನಗರಗಳ ಕೀರ್ತಿಗೆ ಆಸೆಪಡದೆ, ಬರವಣಿಗೆಯನ್ನು ಸಾಗಿಸಿದರು. ‘ಸಣ್ಣ ಗೌಡಸಾನಿ’ ಎಂಬುದು ಅವರ ಕಾದಂಬರಿ. ಈ ಹೆಸರನ್ನು ನೋಡಿರಿ. ಹಳ್ಳಿಯವರ ಬಾಯಿಂದ ಹಾಗೆಯೇ ಎತ್ತಿಕೊಂಡ ಮಾತು. ಗೌಡನ ಮನೆಯ ಒಡತಿ ಗೌಡಸಾನಿ. ಮಹಾರಾಣಿಯನ್ನಾಗಲಿ ಪುರಾಣದ ನಾಯಿಕೆಯನ್ನಾಗಲಿ ಹುಡುಕಿಕೊಂಡು ಹೋಗದೆ, ನಮ್ಮ ಸೀಮೆಯ ಹಳ್ಳಿಯ ಮನೆಯ ಹೆಣ್ಣಿನ ಹೆಸರನ್ನು ಗ್ರಂಥದ ಮುಖಪುಟಕ್ಕೆ ತಂದುದೇ ಒಂದು ಧೈರ್ಯದ ಕೆಲಸ. ಅವರ ಕಥೆಗಳಲ್ಲಿ ‘ಬಡೇಸಾಬು ಪುರಾಣ’ ಎಂಬುದೊಂದಿದೆ. ‘ಬಡೇಸಾಬು’ ನಮ್ಮೂರುಗಳ ಮುಸಲ್ಮಾನ ಹೆಸರು. ‘ಪುರಾಣ’ ಗುಡಿಯ ಕಟ್ಟೆಯ ಮೇಲೆ ಕೇಳುವ ಮಾತು. ಈ ಎರಡು ಶಬ್ದಗಳು ಪಕ್ಕಪಕ್ಕದಲ್ಲಿ ಸುಖವಾಗಿ ಕುಳಿತುಕೊಳ್ಳುವುದು ನಮ್ಮಂತಹ ಸೀಮೆಯಲ್ಲಿ ಮಾತ್ರ. ‘ಮುಸುಕು ತೆರೆ’, ‘ಬಯಲು ಸೀಮೆಯ ಬಿಸಿಲು’ ಮುಂತಾದುವು ಅವರ ಕವನಸಂಗ್ರಹಗಳು. ಬಿಸಿಲಿಗೆ ಹೆಸರಾದ ರಾಯಚೂರಿನ ಕವಿ, ಇಲ್ಲದ ಮಲೆನಾಡಿನ ಹಸಿರನ್ನು ಕನಸಿ ಬರೆಯದೆ ಇದ್ದ ಬಿಸಿಲನ್ನೇ ಹೆಸರಾಗಿ ಇಟ್ಟನೆಂಬುದನ್ನು ಮಕ್ಕಳು ಗಮನಿಸಬೇಕು.

ಕಾದಂಬರಿಕಾರನಿಗೆ ಭಾಷೆಯ ವಿಷಯದಲ್ಲಿ ಒಂದು ಕಠಿಣ ಪರೀಕ್ಷೆ ಎದುರಾಗುತ್ತದೆ. ಹೊಲದಲ್ಲಿ ದುಡಿಯುವ ಮನುಷ್ಯನ ಬಾಯಿಗೆ ಪುಸ್ತಕದ ಕನ್ನಡವನ್ನು ತುರುಕಿದರೆ ಅವನು ಸುಳ್ಳು ಮನುಷ್ಯನಾಗುತ್ತಾನೆ. ನಮ್ಮ ಆಡುಮಾತಿನಲ್ಲಿ ಅರ್ಜಿ, ವಕೀಲ, ಜಮೀನು, ದವಾಖಾನೆ, ಬಜಾರು, ಕುರ್ಚಿ, ರುಮಾಲು ಮೊದಲಾದ ಪಾರಸಿ, ಅರಬ್ಬಿ ಮೂಲದ ಶಬ್ದಗಳು ಎಷ್ಟು ಬೆರೆತಿವೆಯೆಂದರೆ ಅವನ್ನು ಹೊರಗೆ ಹಾಕಿದರೆ ಮಾತು ಮುಂದೆ ಸಾಗದು. ಕಲಿತವರು ಇದನ್ನು ‘ಕಲಬೆರಕೆ’ ಎಂದು ಜರೆಯುವುದುಂಟು. ಆದರೆ ಗದ್ವಾಲದ ಸೀರೆಯನ್ನು ನೀವು ಬಲ್ಲಿರಿ. ಅದರ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡು ಬಗೆಯ ನೂಲುಗಳನ್ನು ಬೇರೆ ಬೇರೆ ಲಾಳಿಗಳಿಂದ ನೇಯುತ್ತ, ಒಡಲ ಎಳೆಯನ್ನು ಅಂಚಿನ ಎಳೆಯೊಡನೆ ಸಾಲು ಸಾಲಿಗೂ ಕೊಂಡಿ ಹಾಕುತ್ತ ಹೋಗಬೇಕು. ಆ ಕೊಂಡಿ ಸಡಿಲಾದರೆ ಸೀರೆ ಬಿಚ್ಚಿಕೊಳ್ಳುತ್ತದೆ. ಬಿಗಿಯಾದರೆ ಬಟ್ಟೆ ಮುದುಡುತ್ತದೆ. ಅದನ್ನು ಯಾರೂ ಕಲಬೆರಕೆ ಎನ್ನುವುದಿಲ್ಲ, ಕುಶಲ ಕೆಲಸವೆನ್ನುತ್ತಾರೆ. ನಮ್ಮ ಮಾತೂ ಹಾಗೆಯೇ. ಹೇಗೆ ಬೇಕಾದರೆ ಹಾಗೆ ಬೆರೆಸಿದರೆ ಅದು ಕಲಬೆರಕೆ. ಎರಡು ಭಾಷೆಗಳನ್ನೂ ಬಲ್ಲವನು ಹದವರಿತು ಕೂಡಿಸಿದರೆ ಅದು ನೇಯ್ಗೆ.

ಇನ್ನು ಅವರ ಹಾಡಿನ ಕೆಲಸಕ್ಕೆ ಬರೋಣ. ಶಾಂತರಸರನ್ನು ‘ಕನ್ನಡ ಗಜಲಿನ ಪಿತಾಮಹ’ ಎಂದು ಕರೆಯುವುದು ರೂಢಿಯಾಗಿದೆ. ಗಜಲ್ ಎಂದರೇನು? ಅದು ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯಲ್ಲಿ ಬೆಳೆದು, ನಮ್ಮ ದಖ್ಖಣದ ನೆಲದಲ್ಲಿಯೇ ಉರ್ದುವಿನ ರೂಪ ತಾಳಿದ ಪದ್ಯಜಾತಿ. 1591ರಲ್ಲಿ ಹೈದರಾಬಾದ್ ನಗರವನ್ನು ಕಟ್ಟಿಸಿದ ಮಹಮ್ಮದ್ ಕುಲಿ ಕುತುಬಶಹನು ಸ್ವತಃ ಗಜಲುಗಳನ್ನು ಬರೆದನು. ಮುಂದೆ ವಲೀ ದಖ್ಖನಿಯು ಇದೇ ದಕ್ಷಿಣದ ಹಾಡನ್ನು ದಿಲ್ಲಿಯವರೆಗೆ ಒಯ್ದನು. ಆದುದರಿಂದ ಗಜಲ್ ನಮಗೆ ತೀರ ಪರದೇಶದ ವಸ್ತುವಲ್ಲ. ನೆರೆಯ ಮನೆಯ ಹಾಡು.

ಇದರ ರಚನೆಯನ್ನು ಮಕ್ಕಳಿಗೆ ತಿಳಿಯುವಂತೆ ಹೇಳುತ್ತೇವೆ. ಗಜಲ್ ಎಂಬುದು ದ್ವಿಪದಿಗಳ ಮಾಲೆ. ಒಂದೊಂದು ದ್ವಿಪದಿಗೆ ‘ಶೇರ್’ ಎಂದು ಹೆಸರು. ಮೊದಲನೆಯ ದ್ವಿಪದಿ ‘ಮತ್ಲಾ’. ಅದರ ಎರಡು ಸಾಲುಗಳೂ ಒಂದೇ ಮಾತಿನಿಂದ ಮುಗಿಯಬೇಕು. ಹೀಗೆ ಮರಳಿ ಮರಳಿ ಬರುವ ಮಾತೇ ‘ರದೀಫ್’. ಅದಕ್ಕೆ ಮುಂಚೆ ಪ್ರಾಸದ ಮಾತೊಂದು ಬರಬೇಕು, ಅದು ‘ಕಾಫಿಯಾ’. ಮುಂದಿನ ದ್ವಿಪದಿಗಳಲ್ಲಿ ಎರಡನೆಯ ಸಾಲಿಗೆ ಮಾತ್ರ ಈ ನಿಯಮ. ಕೊನೆಯ ದ್ವಿಪದಿ ‘ಮಕ್ತಾ’. ಅದರಲ್ಲಿ ಕವಿ ತನ್ನ ಕಾವ್ಯನಾಮವನ್ನು ಸೇರಿಸುವ ಪದ್ಧತಿಯುಂಟು. ಉದಾಹರಣೆಗೆಂದು ನಾವೇ ಎರಡು ದ್ವಿಪದಿಗಳನ್ನು ಕಟ್ಟಿ ತಂದಿದ್ದೇವೆ. ಇವುಗಳಲ್ಲಿ ಕಾವ್ಯವನ್ನು ಹುಡುಕಬೇಡಿರಿ, ನಿಯಮವನ್ನು ಮಾತ್ರ ನೋಡಿರಿ.

ಹೊಳೆಯ ದಾಟಿ ಬಂದ ಗಾಳಿ ಮಾತನಾಡಿತು ಊರಲಿ
ಹಳೆಯ ಮಗ್ಗದೊಂದು ಲಾಳಿ ಮೆಲ್ಲ ಹಾಡಿತು ಊರಲಿ

ದೀಪವಿರದ ಮನೆಯೊಳೊಬ್ಬ ಬಾಲೆ ಪಾಠವೋದಲು
ತಾರೆಯೊಂದು ಇಳಿದು ಬಂದು ಬೆಳಕು ಮಾಡಿತು ಊರಲಿ

ಇಲ್ಲಿ ‘ಊರಲಿ’ ಎಂಬುದು ರದೀಫ್. ‘ಆಡಿತು, ಹಾಡಿತು, ಮಾಡಿತು’ ಎಂಬುವು ಕಾಫಿಯಾ. ಎರಡನೆಯ ದ್ವಿಪದಿಯ ಮೊದಲ ಸಾಲಿಗೆ ಈ ಕಟ್ಟಿಲ್ಲ. ಮೊದಲ ದ್ವಿಪದಿ ಗಾಳಿಯ ಮಾತು, ಎರಡನೆಯದು ಓದುವ ಹುಡುಗಿಯ ಮಾತು. ಒಂದಕ್ಕೊಂದು ಕಥೆಯ ಸಂಬಂಧವಿಲ್ಲ. ಗಜಲಿನ ಸ್ವಭಾವವೇ ಇದು. ಒಂದೊಂದು ದ್ವಿಪದಿಯೂ ತನ್ನಲ್ಲಿ ಪೂರ್ಣ. ಕೊನೆಯ ಮಾತೊಂದೇ ಎಲ್ಲವನ್ನೂ ದಾರದಂತೆ ಪೋಣಿಸುತ್ತದೆ.

ಈ ಕಟ್ಟನ್ನು ಕನ್ನಡಕ್ಕೆ ತರುವುದು ಸುಲಭವಾಗಿರಲಿಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ ಪ್ರಾಸವು ಸಾಲಿನ ಎರಡನೆಯ ಅಕ್ಷರದಲ್ಲಿ ಬರುತ್ತದೆ. ಗಜಲಿನಲ್ಲಿ ಸಾಲಿನ ಕೊನೆಯಲ್ಲಿ ಬರಬೇಕು. ಕನ್ನಡದಲ್ಲಿ ಶಬ್ದಗಳು ಪ್ರತ್ಯಯಗಳನ್ನು ಹೊತ್ತು, ಸಂಧಿಯಾಗಿ, ಒಂದರೊಳಗೊಂದು ಸೇರಿಕೊಳ್ಳುತ್ತವೆ. ಉರ್ದುವಿನಲ್ಲಿ ಅವು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪಾರಸಿಯ ಛಂದಸ್ಸು ಗುರು ಲಘುಗಳನ್ನು ಗೊತ್ತಾದ ಸ್ಥಾನಗಳಲ್ಲಿ ಬೇಡುತ್ತದೆ. ಕನ್ನಡದ ಹಾಡು ಮಾತ್ರಾಗಣಗಳ ನಡಿಗೆಗೆ ಒಗ್ಗಿದುದು. ಹೊರಗಿನ ವೇಷವನ್ನು ಮಾತ್ರ ನಕಲು ಮಾಡಿದರೆ ಪದ್ಯ ಕನ್ನಡವೂ ಆಗುವುದಿಲ್ಲ, ಗಜಲೂ ಆಗುವುದಿಲ್ಲ. ಉರ್ದುವಿನ ಒಳಮನೆಯನ್ನು ಕಂಡವನೂ ಕನ್ನಡದ ನಾಡಿಯನ್ನು ಬಲ್ಲವನೂ ಒಬ್ಬನೇ ಆಗಿದ್ದರೆ ಮಾತ್ರ ಈ ಕೆಲಸ ಸಾಧ್ಯ. ಶಾಂತರಸರು ಅಂತಹವರಾಗಿದ್ದರು. ‘ಗಜಲ್ ಮತ್ತು ಬಿಡಿ ದ್ವಿಪದಿ’ ಎಂಬ ತಮ್ಮ ಗ್ರಂಥದಲ್ಲಿ ಅವರು ಪದ್ಯಗಳನ್ನು ಕೊಟ್ಟುದಷ್ಟೇ ಅಲ್ಲದೆ, ಈ ಪ್ರಕಾರದ ಲಕ್ಷಣಗಳನ್ನು ಕನ್ನಡಿಗರಿಗೆ ಬಿಡಿಸಿ ಹೇಳಿದರು. ಮುಂದೆ ಕನ್ನಡದಲ್ಲಿ ಗಜಲ್ ಬರೆಯಹೊರಟ ಅನೇಕರಿಗೆ ಅದೇ ಪಾಠಪುಸ್ತಕವಾಯಿತು. ಅಧ್ಯಾಪಕನ ಗುಣ ಕವಿಯಲ್ಲಿಯೂ ಉಳಿದುದಕ್ಕೆ ಇದು ಸಾಕ್ಷಿ. ಅವರ ಮಗಳು ಎಚ್. ಎಸ್. ಮುಕ್ತಾಯಕ್ಕನವರೂ ಕನ್ನಡದ ಗಜಲುಗಳಿಗಾಗಿ ಹೆಸರುವಾಸಿಯಾದವರು. ಮನೆಯಲ್ಲಿ ತಂದೆ ಓದುತ್ತಿದ್ದರೆ ಮಕ್ಕಳು ಏನನ್ನು ಕಲಿಯುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾಗಿಲ್ಲ.

ಕವಿಯ ಹೆಸರನ್ನು ಕೊನೆಯಲ್ಲಿ ಸೇರಿಸುವ ಪದ್ಧತಿ ಉರ್ದುವಿನದು ಮಾತ್ರವಲ್ಲ. ವಚನಕಾರರೂ ಹರಿದಾಸರೂ ತಮ್ಮ ಕೃತಿಗಳ ಕೊನೆಯಲ್ಲಿ ಅಂಕಿತವನ್ನು ಇಡುತ್ತಿದ್ದರು. ಕವಿ ಅಲ್ಲಿ ತನ್ನ ಹೆಸರಿಗೆ ಬದಲು ಸಾಮಾನ್ಯವಾಗಿ ದೇವರ ಹೆಸರನ್ನು ಇಟ್ಟನೆಂಬುದಷ್ಟೇ ಭೇದ. ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ್ದ ಗೋಪಾಲದಾಸರು 18ನೆಯ ಶತಮಾನದಲ್ಲಿ ‘ಗೋಪಾಲವಿಠಲ’ ಎಂಬ ಅಂಕಿತದಿಂದ ಕನ್ನಡದ ಕೀರ್ತನೆಗಳನ್ನು ರಚಿಸಿದರು. ಅವರ ಗುರುಗಳಾದ ವಿಜಯದಾಸರೂ, ‘ಹರಿಕಥಾಮೃತಸಾರ’ವನ್ನು ಬರೆದ ಜಗನ್ನಾಥದಾಸರೂ ಮಾನ್ವಿಯ ಕಡೆಯವರು. ಹಾಡು ಕಟ್ಟುವುದು ಈ ಎಡೆದೊರೆ ನಾಡಿಗೆ ಹೊಸದಲ್ಲ. ಶಾಂತರಸರು ಆ ಹಳೆಯ ಸಾಲಿನಲ್ಲಿ ಹೊಸ ರಾಗದೊಡನೆ ಬಂದು ನಿಂತರು.

ಒಂದೇ ಕೈ ದೀರ್ಘವಾದ ಗದ್ಯವನ್ನೂ ಚಿಕ್ಕ ಹಾಡನ್ನೂ ಬರೆಯುವುದು ಲೋಕದಲ್ಲಿ ಅಪರೂಪವಾದರೂ ಇಲ್ಲದುದಲ್ಲ. ‘ಗೋರಾ’ದಂತಹ ಕಾದಂಬರಿಯನ್ನು ಬರೆದ ರವೀಂದ್ರನಾಥ ಠಾಕೂರರು ಸುಮಾರು ಎರಡು ಸಾವಿರ ಹಾಡುಗಳನ್ನೂ ಕಟ್ಟಿದರು. ಜಪಾನ್ ದೇಶದ ಅಕಿಯುಕಿ ನೊಸಾಕಾ (1930–2015) ಎಂಬ ಲೇಖಕರು 1945ರ ಬಾಂಬುದಾಳಿಯಲ್ಲಿ ಮನೆಯನ್ನೂ, ಅನಂತರ ಹಸಿವಿನಿಂದ ಪುಟ್ಟ ತಂಗಿಯನ್ನೂ ಕಳೆದುಕೊಂಡರು. ಆ ದುಃಖವನ್ನು 1967ರಲ್ಲಿ ‘ಮಿಂಚುಹುಳುಗಳ ಸಮಾಧಿ’ ಎಂಬ ಅರ್ಥದ ಹೆಸರಿನ ಕಥೆಯಲ್ಲಿ ಬರೆದರು. ಅದೇ ಲೇಖಕರು ಆಟದ ಗೊಂಬೆಗಳು ರಾತ್ರಿ ಎದ್ದು ಕುಣಿಯುವ ಶಿಶುಗೀತೆಯೊಂದಕ್ಕೂ ಮಾತುಗಳನ್ನು ಕೊಟ್ಟರು. ಜಪಾನಿನ ಮಕ್ಕಳು ಅದನ್ನು ಹಾಡುತ್ತ ಬೆಳೆದರು. ನಡೆದುದನ್ನು ಮರೆಯದಂತೆ ಮಾಡಲು ಕಥೆ ಬೇಕು. ಮುಂದೆ ಬದುಕಲು ಹಾಡು ಬೇಕು. ರಾಯಚೂರಿನ ಲೇಖಕರೂ ಈ ಎರಡನ್ನೂ ಕೊಟ್ಟರು.

ಶಾಂತರಸರಿಗೆ ಸಲ್ಲಬೇಕಾದ ಗೌರವ ತಡವಾಗಿಯಾದರೂ ಸಂದಿತು. 2006ರಲ್ಲಿ ಬೀದರಿನಲ್ಲಿ ನಡೆದ 72ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆಗ ಅವರಿಗೆ ಎಂಬತ್ತೊಂದು ವರ್ಷ. ಕನ್ನಡದ ಶಾಲೆ ದೊರೆಯುವುದೇ ಕಷ್ಟವಾಗಿದ್ದ ರಾಜ್ಯದಲ್ಲಿ ಹುಟ್ಟಿದ ಹಳ್ಳಿಯ ಹುಡುಗನು, ಸಮಸ್ತ ಕನ್ನಡಿಗರ ಸಭೆಯ ಮುಂದೆ, ಅದೂ ಹಿಂದೆ ಅದೇ ರಾಜ್ಯಕ್ಕೆ ಸೇರಿದ್ದ ಬೀದರಿನಲ್ಲಿ, ಅಧ್ಯಕ್ಷಪೀಠವನ್ನು ಏರಿದನು. ಎರಡು ವರ್ಷಗಳ ಬಳಿಕ, 2008ರಲ್ಲಿ, ಅವರು ಕಾಲವಶರಾದರು.

ಪ್ರಿಯ ತಾಯಿತಂದೆಗಳೇ, ಈಗ ನಿಮ್ಮೊಡನೆ ಮನಬಿಚ್ಚಿ ಮಾತನಾಡುವ ಹೊತ್ತು. ಮಗುವನ್ನು ಕನ್ನಡ ಶಾಲೆಗೆ ಕಳುಹಿಸಿದರೆ ಮುಂದೆ ಗತಿಯೇನು ಎಂದು ನಿಮ್ಮಲ್ಲಿ ಅನೇಕರು ನಮ್ಮನ್ನು ಕೇಳುತ್ತೀರಿ. ಈ ಪ್ರಶ್ನೆಯನ್ನು ನಾವು ಹಗುರಾಗಿ ತಳ್ಳಿಹಾಕುವುದಿಲ್ಲ. ಹೊಳೆಯ ಆಚೆಗೆ ಹೋದರೆ ನಮ್ಮ ಮಕ್ಕಳ ಮಾತನ್ನು ‘ತೆಲುಗು ಬೆರೆತ ಕನ್ನಡ’ ಎನ್ನುತ್ತಾರೆ. ಈಚೆಗೆ ಬಂದರೆ ‘ಕನ್ನಡದವರು’ ಎಂದು ಬೇರೆಯಾಗಿ ನೋಡುತ್ತಾರೆ. ಉಚ್ಚ ಶಿಕ್ಷಣಕ್ಕೂ ನೌಕರಿಗೂ ಬೇರೆ ಭಾಷೆಗಳು ಬೇಕೇ ಬೇಕು. ಇದೆಲ್ಲ ನಿಜ. ಅಭಿಮಾನದ ಘೋಷಣೆಗಳಿಂದ ಹೊಟ್ಟೆ ತುಂಬುವುದಿಲ್ಲವೆಂಬುದನ್ನೂ ನಾವು ಬಲ್ಲೆವು.

ಆದರೆ ಶಾಂತರಸರ ಕಾಲದ ಮಕ್ಕಳ ಕಷ್ಟ ಇದಕ್ಕಿಂತ ಕಡಿಮೆಯದಾಗಿರಲಿಲ್ಲ. ಅವರ ಜೀವನದಿಂದ ನಾವು ಕಲಿಯಬೇಕಾದುದು ಎರಡು ಮಾತು. ಒಂದು, ಮನೆಯ ಭಾಷೆಯನ್ನು ಗಟ್ಟಿಯಾಗಿ ಹಿಡಿದವನೇ ಹೊರಗಿನ ಭಾಷೆಯಿಂದ ಏನನ್ನಾದರೂ ತರಬಲ್ಲನು. ಮನೆಯೇ ಇಲ್ಲದವನು ತಂದುದನ್ನು ಎಲ್ಲಿಡುವನು? ಎರಡು, ಮನೆಯ ಭಾಷೆಯ ಮೇಲಿನ ಪ್ರೀತಿ ನೆರೆಯ ಭಾಷೆಯ ಮೇಲಿನ ಅಸಡ್ಡೆಯಾಗಬಾರದು. ತೆಲಂಗಾಣದಲ್ಲಿ 2018ರ ಕಾಯಿದೆಯಂತೆ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯವಾಗಿ ಕಲಿಸಬೇಕಾಗಿದೆ. ಇದನ್ನು ಹೊರೆಯೆಂದು ಮುಖ ಸಿಂಡರಿಸಿ ಕಲಿತರೆ ಅದು ಹೊರೆಯೇ ಆಗಿ ಉಳಿಯುವುದು. ಉರ್ದುವನ್ನು ಶಾಂತರಸರು ಕಲಿತಂತೆ ಕಲಿತರೆ, ನಾಳೆ ತೆಲುಗಿನ ಒಂದು ಸೊಗಸನ್ನು ಕನ್ನಡಕ್ಕೂ ಕನ್ನಡದ ಒಂದು ಸೊಗಸನ್ನು ತೆಲುಗಿಗೂ ಕೊಂಡೊಯ್ಯುವವರು ನಿಮ್ಮ ಮಕ್ಕಳೇ ಆಗುವರು. ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕೂ ಕಿವಿಗೆ ಬೀಳುವ ನಾರಾಯಣಪೇಟೆಯ ಬಜಾರಿನಲ್ಲಿ ಬೆಳೆಯುವ ಮಗುವಿಗೆ ದೊರೆತಿರುವ ಈ ಅನುಕೂಲ, ಒಂದೇ ಭಾಷೆಯ ದೊಡ್ಡ ಊರಿನ ಮಗುವಿಗೆ ಹಣ ಕೊಟ್ಟರೂ ದೊರೆಯಲಾರದು.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸವನ್ನು ಒಪ್ಪಿಸುತ್ತೇವೆ. ಈ ರಜೆಯಲ್ಲಿ ನೀವು ಒಬ್ಬೊಬ್ಬರೂ ಒಂದು ಸಣ್ಣ ನೋಟುಪುಸ್ತಕವನ್ನು ಇಟ್ಟುಕೊಳ್ಳಿರಿ. ಅದರ ಎಡಪುಟದಲ್ಲಿ ನಿಮ್ಮ ಅಜ್ಜಿ ಹಾಡುವ ಒಂದು ಪದವನ್ನೋ, ನಿಮ್ಮ ಕೇರಿಯ ಮೊಹರಮ್ಮಿನ ಹಾಡನ್ನೋ, ಭಜನೆಯ ಕೀರ್ತನೆಯನ್ನೋ ಕೇಳಿದಂತೆಯೇ ಬರೆಯಿರಿ. ಶುದ್ಧ ಮಾಡುತ್ತೇವೆಂದು ಅದನ್ನು ತಿದ್ದಹೋಗಬೇಡಿರಿ. ಬಲಪು‌ಟದಲ್ಲಿ ಆ ಹಾಡಿನೊಳಗಿನ ಯಾವ ಮಾತು ಕನ್ನಡ, ಯಾವುದು ತೆಲುಗು, ಯಾವುದು ಉರ್ದು ಎಂಬುದನ್ನು ಗುರುಗಳನ್ನು ಕೇಳಿ ಗುರುತು ಹಾಕಿರಿ. ಹಾಡಿದವರ ವಯಸ್ಸನ್ನೂ ಊರನ್ನೂ ಬರೆಯಲು ಮರೆಯಬೇಡಿರಿ. ಹಾಡುವವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರೊಡನೆ ಹಾಡೂ ಹೋದರೆ ಮತ್ತೆ ಯಾವ ಅಂಗಡಿಯಲ್ಲಿಯೂ ಅದು ಸಿಕ್ಕುವುದಿಲ್ಲ. ನಿಮ್ಮ ಪುಸ್ತಕಗಳಲ್ಲಿ ಒಳ್ಳೆಯವನ್ನು ಆರಿಸಿ ಮುಂದಿನ ವರ್ಷದ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ಸಂಪಾದಕರನ್ನು ನಾವು ಪ್ರಾರ್ಥಿಸುತ್ತೇವೆ.

ಹೆಂಬೆರಾಳು ದೊಡ್ಡ ಊರಲ್ಲ. ನೀವು ಬಂದ ಊರುಗಳಂತಹುದೇ ಒಂದು ಹಳ್ಳಿ. ಅಲ್ಲಿ ಹುಟ್ಟಿದವನು ಕಾದಂಬರಿಕಾರನೂ ಕವಿಯೂ ಆದುದು ಯಾವ ಅರಸನ ಆಶ್ರಯದಿಂದಲೂ ಅಲ್ಲ. ಕೇಳಿದ ಮಾತನ್ನು ಗಮನವಿಟ್ಟು ಕೇಳಿದುದರಿಂದ, ಕಲಿತ ಭಾಷೆಯನ್ನು ಪ್ರೀತಿಯಿಂದ ಕಲಿತುದರಿಂದ. ಈ ಎರಡಕ್ಕೂ ಶುಲ್ಕವಿಲ್ಲ. ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತಿರುವ ನಿಮ್ಮಲ್ಲಿಯೂ ಅಂತಹವರು ಇರುವರೆಂಬ ನಂಬಿಕೆಯಿಂದಲೇ ಈ ಸಂಘ ನಡೆದುಕೊಂಡು ಬಂದಿದೆ. ಆ ನಂಬಿಕೆಯನ್ನು ಉಳಿಸುವ ಭಾರ ನಿಮ್ಮದು. ನಿಮಗೆ ಬೆನ್ನು ಕೊಟ್ಟು ನಿಲ್ಲುವ ಭಾರ ನಮ್ಮೆಲ್ಲರದು.